ನರದ ತುದಿಯ ತೂಬು

ಸುಣ್ಣವಿಲ್ಲದೆ ಬೆಳೆಗಾರನ ವರ್ಷ ಕಳೆಯುವುದಿಲ್ಲ. ಮಳೆಗಾಲದ ಹೊಸ್ತಿಲಲ್ಲಿ ಅಡಿಕೆಗೊನೆಗೆ ಹೊಡೆಯುವ ಬೋರ್ಡೋ ದ್ರಾವಣಕ್ಕೆ ಮೈಲುತುತ್ತದ ಜೊತೆಗೆ ಸುಣ್ಣ ಬೇಕು. ಹುಳಿಗಟ್ಟಿದ ಕಾಫಿ ತೋಟದ ಮಣ್ಣಿಗೆ ಸುಣ್ಣ ಬೇಕು. ಸಂಜೆ ಜಗಲಿಯಲ್ಲಿ ಕುಳಿತು ಕವಳ ಹಾಕುವಾಗ ಎಲೆಗೆ ಸವರಲೂ ಸುಣ್ಣವೇ ಬೇಕು. ಈ ಸುಣ್ಣದ ಜೀವಾಳವಾದ ಕ್ಯಾಲ್ಸಿಯಂ ನಮ್ಮ ಎಲುಬು ಹಲ್ಲುಗಳಿಗೆ ಅಗತ್ಯವೆಂಬುದು ಶಾಲೆಯ ಮಕ್ಕಳಿಗೂ ಗೊತ್ತು. ಆದರೆ ಕೈ ಎತ್ತುವುದು, ರೆಪ್ಪೆ ಬಡಿಯುವುದು, ಉಸಿರೆಳೆಯುವುದು, ನೋವನ್ನು ನೋವೆಂದು ಅರಿಯುವುದು ಇವೆಲ್ಲವೂ ನರದ ತುದಿಯೊಳಕ್ಕೆ ಅತ್ಯಲ್ಪ ಕ್ಯಾಲ್ಸಿಯಂ ನುಗ್ಗುವುದರ ಮೇಲೆ ನಿಂತಿವೆ ಎಂಬ ಸಂಗತಿ ಅಷ್ಟು ಪ್ರಚಾರದಲ್ಲಿಲ್ಲ.

ಕ್ಯಾಲ್ಸಿಯಂ ಒಳನುಗ್ಗುವ ಆ ದಾರಿಯನ್ನು ಮುಚ್ಚಿಬಿಡುವ ವಿಷಗಳು ಪ್ರಕೃತಿಯಲ್ಲಿವೆ. ಅವುಗಳ ಕೆಲಸವನ್ನು ತಿಳಿದರೆ ನಮ್ಮ ಮನೆಗಳಲ್ಲಿ ನುಂಗುವ ರಕ್ತದೊತ್ತಡದ ಮಾತ್ರೆ, ನರನೋವಿನ ಗುಳಿಗೆ, ತೋಟದಲ್ಲಿ ಎದುರಾಗುವ ಹಾವಿನ ಕಡಿತ, ಔಷಧಿ ಹೊಡೆಯುವಾಗ ಆಗುವ ಅವಘಡ ಇವೆಲ್ಲದರ ಮರ್ಮವೂ ಒಂದೇ ಎಳೆಯಲ್ಲಿ ತಿಳಿಯುತ್ತದೆ. ಹಾಗಾಗಿ ಧಾರಣೆ, ಗೊಬ್ಬರದ ವಿಚಾರಗಳನ್ನು ಈ ಸಂಚಿಕೆಯ ಮಟ್ಟಿಗೆ ಬದಿಗಿಟ್ಟು ಈ ವಿಷಯವನ್ನು ಬೆಳೆಗಾರ ಬಾಂಧವರ ಮುಂದಿಡುತ್ತಿದ್ದೇನೆ.

ನಲ್ಲಿನೀರು ಕಲಿಸಿದ ಪಾಠ

ಕಥೆ ಆರಂಭವಾಗುವುದು ಲಂಡನ್ನಿನಲ್ಲಿ. 1880ರ ದಶಕದ ಆದಿಯಲ್ಲಿ ಸಿಡ್ನಿ ರಿಂಗರ್ ಎಂಬ ವೈದ್ಯರು ಕಪ್ಪೆಯ ಹೃದಯವನ್ನು ದೇಹದಿಂದ ಹೊರತೆಗೆದು, ಉಪ್ಪು ಬೆರೆಸಿದ ನೀರಿನಲ್ಲಿಟ್ಟು, ಅದರ ಬಡಿತವನ್ನು ಅಭ್ಯಾಸ ಮಾಡುತ್ತಿದ್ದರು. ಹೃದಯ ಗಂಟೆಗಟ್ಟಲೆ ಬಡಿಯಿತು. ಬಟ್ಟಿ ಇಳಿಸಿದ ಶುದ್ಧ ನೀರಿಗೆ ಉಪ್ಪು ಹಾಕಿದ್ದರಿಂದಲೇ ಹೀಗಾಯಿತೆಂದು ಅವರು ಭಾವಿಸಿದ್ದರು. ಆಮೇಲೆ ತಿಳಿದದ್ದೇನೆಂದರೆ, ದ್ರಾವಣ ತಯಾರಿಸಿದ್ದು ಲಂಡನ್ನಿನ ನಲ್ಲಿನೀರಿನಲ್ಲಿ! ನಿಜವಾಗಿಯೂ ಶುದ್ಧವಾದ ನೀರಿನಲ್ಲಿ ಅದೇ ಉಪ್ಪು ಕದಡಿ ಹೃದಯವನ್ನಿಟ್ಟಾಗ ಸ್ವಲ್ಪ ಹೊತ್ತಿನಲ್ಲೇ ಬಡಿತ ಸೋತು ನಿಂತಿತು. ನಲ್ಲಿನೀರಿನಲ್ಲಿದ್ದು ಶುದ್ಧ ನೀರಿನಲ್ಲಿ ಇಲ್ಲದ ವಸ್ತು ಸುಣ್ಣದ ಅಂಶ, ಅಂದರೆ ಕ್ಯಾಲ್ಸಿಯಂ. 1883ರಲ್ಲಿ ರಿಂಗರ್ ಇದನ್ನು ಪ್ರಕಟಿಸಿದರು. ಆಸ್ಪತ್ರೆಯಲ್ಲಿ ಇಂದಿಗೂ ಏರಿಸುವ 'ರಿಂಗರ್ ಲ್ಯಾಕ್ಟೇಟ್' ಬಾಟಲಿಯ ಹೆಸರಿನಲ್ಲಿರುವುದು ಇದೇ ರಿಂಗರ್.

ಹೃದಯದ ಸ್ನಾಯುವಿಗೆ ಕ್ಯಾಲ್ಸಿಯಂ ಬೇಕೆಂಬುದು ಹೀಗೆ ಗೊತ್ತಾಯಿತು. ನರಕ್ಕೆ ಅದು ಏಕೆ ಬೇಕು ಎಂಬ ಪ್ರಶ್ನೆಗೆ ಉತ್ತರ ಸಿಗಲು ಇನ್ನೂ 80ಕ್ಕೂ ಹೆಚ್ಚು ವರ್ಷ ಹಿಡಿಯಿತು.

ತಂತಿ ಮುಗಿಯುವಲ್ಲಿ

ನರವೆಂದರೆ ವಿದ್ಯುತ್ ತಂತಿಯಂತೆ ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಅರ್ಧ ನಿಜ. ನರತಂತುವಿನ ಉದ್ದಕ್ಕೂ ಸಂದೇಶ ಹೋಗುವುದು ವಿದ್ಯುತ್ತಿನ ಅಲೆಯಾಗಿಯೇ. ಆದರೆ ತಂತು ನೇರವಾಗಿ ಸ್ನಾಯುವಿಗೆ ಅಂಟಿಕೊಂಡಿಲ್ಲ. ನಡುವೆ ಒಂದು ಸಂದು ಇದೆ. ಆ ಸಂದಿನ ಅಗಲ ಒಂದು ಮಿಲಿಮೀಟರನ್ನು 20,000 ಪಾಲು ಮಾಡಿದರೆ ಅದರಲ್ಲಿ ಒಂದು ಪಾಲಿನಷ್ಟು. ಎಷ್ಟೇ ಕಿರಿದಾದರೂ ವಿದ್ಯುತ್ ಅದನ್ನು ಹಾರಿ ದಾಟಲಾರದು. ಒಂದು ನರದಿಂದ ಇನ್ನೊಂದು ನರಕ್ಕೆ ಹೋಗುವಲ್ಲೂ ಬಹುಮಟ್ಟಿಗೆ ಇದೇ ವ್ಯವಸ್ಥೆ. ಇಂಥ ಜಾಗವನ್ನು ನರಸಂಧಿ ಎನ್ನೋಣ.

ಸಂಧಿಯನ್ನು ದಾಟುವುದು ರಾಸಾಯನಿಕ ವಸ್ತು. ಇದನ್ನು ಕಣ್ಣಿಗೆ ಕಟ್ಟುವಂತೆ ತೋರಿಸಿದವರು ಆಸ್ಟ್ರಿಯದ ಗ್ರಾಟ್ಸ್ ನಗರದಲ್ಲಿದ್ದ ಆಟೋ ಲೋವಿ. 1921ರಲ್ಲಿ ಪ್ರಕಟವಾದ ಅವರ ಪ್ರಯೋಗದಲ್ಲಿ ಎರಡು ಕಪ್ಪೆ ಹೃದಯಗಳಿದ್ದವು. ಮೊದಲ ಹೃದಯದ ನರವನ್ನು ಕೆರಳಿಸಿದಾಗ ಅದರ ಬಡಿತ ನಿಧಾನವಾಯಿತು. ಆ ಹೃದಯವನ್ನು ತೋಯಿಸಿದ್ದ ದ್ರವವನ್ನು ತೆಗೆದು ಎರಡನೆಯ ಹೃದಯಕ್ಕೆ ಹಾಕಿದಾಗ, ಯಾವ ನರವನ್ನೂ ಮುಟ್ಟದಿದ್ದರೂ ಅದೂ ನಿಧಾನವಾಯಿತು. ಅಂದರೆ ನರದ ತುದಿಯಿಂದ ಏನೋ ಒಂದು ವಸ್ತು ದ್ರವಕ್ಕೆ ಇಳಿದಿತ್ತು. ಆ ವಸ್ತುವೇ ಅಸಿಟೈಲ್‌ಕೋಲಿನ್. ಲೋವಿ ಮತ್ತು ಇಂಗ್ಲೆಂಡಿನ ಹೆನ್ರಿ ಡೇಲ್ ಅವರಿಗೆ 1936ರ ನೊಬೆಲ್ ಪಾರಿತೋಷಕ ಬಂತು. ಇಂಥ ವಸ್ತುಗಳಿಗೆ ನರವಾಹಕಗಳು ಎಂದು ಹೆಸರು. ನಮ್ಮ ಕೈಕಾಲುಗಳ ಸ್ನಾಯುಗಳಿಗೆ ಅಪ್ಪಣೆ ತಲುಪಿಸುವುದೂ ಇದೇ ಅಸಿಟೈಲ್‌ಕೋಲಿನ್.

ಮುಂದಿನ ಹೆಜ್ಜೆ ಇಟ್ಟವರು ಲಂಡನ್ ವಿಶ್ವವಿದ್ಯಾಲಯ ಕಾಲೇಜಿನ ಬರ್ನಾರ್ಡ್ ಕಾಟ್ಸ್. ಹಿಟ್ಲರನ ಜರ್ಮನಿಯಿಂದ 1935ರಲ್ಲಿ ಬರಿಗೈಯಲ್ಲಿ ಇಂಗ್ಲೆಂಡಿಗೆ ಬಂದ ಈ ಯಹೂದಿ ತರುಣ, ಮುಂದೆ ಸಂಗಡಿಗರೊಡನೆ ಕಂಡುಕೊಂಡದ್ದು ಇದು: ನರದ ತುದಿ ನರವಾಹಕವನ್ನು ಬಿಡಿಬಿಡಿಯಾಗಿ ಸುರಿಯುವುದಿಲ್ಲ, ಮೂಟೆಯ ಲೆಕ್ಕದಲ್ಲಿ ಬಿಡುತ್ತದೆ. ನಾವು ಕಾಫಿಯನ್ನು ಗೋದಾಮಿನಿಂದ ಕಳಿಸುವಾಗ ಬೀಜ ಎಣಿಸಿ ಕಳಿಸುತ್ತೇವೆಯೇ? ಮೂಟೆ ಎಣಿಸಿ ಕಳಿಸುತ್ತೇವೆ. ಹಾಗೆಯೇ ನರದ ತುದಿಯೊಳಗೆ ಅತಿಸೂಕ್ಷ್ಮವಾದ ಚೀಲಗಳಿವೆ. ಒಂದೊಂದರಲ್ಲೂ ಸಾವಿರಾರು ನರವಾಹಕ ಅಣುಗಳು ತುಂಬಿರುತ್ತವೆ. ಅಪ್ಪಣೆ ಬಂದಾಗ ಚೀಲ ಅಂಚಿನ ಪೊರೆಗೆ ಬೆಸೆದುಕೊಂಡು ಬಾಯ್ತೆರೆದು ಪೂರಾ ಖಾಲಿಯಾಗುತ್ತದೆ. ಕಾಟ್ಸ್ ಅವರು 1970ರ ನೊಬೆಲ್ ಪಾರಿತೋಷಕದಲ್ಲಿ ಪಾಲು ಪಡೆದರು.

ಹಾಗಾದರೆ ಚೀಲಕ್ಕೆ ಅಪ್ಪಣೆ ಕೊಡುವವರು ಯಾರು? 1967ರಲ್ಲಿ ಕಾಟ್ಸ್ ಮತ್ತು ರಿಕಾರ್ಡೋ ಮಿಲೇಡಿ ಕಪ್ಪೆಯ ನರ-ಸ್ನಾಯು ಸಂಧಿಯ ಮೇಲೆ ಸೂಜಿಮೊನೆಯಷ್ಟು ಸಪೂರ ಗಾಜಿನ ಕೊಳವೆಯಿಂದ ಕ್ಯಾಲ್ಸಿಯಂ ಬಿಟ್ಟು ನೋಡಿದರು. ಸುತ್ತಲ ದ್ರವದಲ್ಲಿ ಕ್ಯಾಲ್ಸಿಯಂ ಇಲ್ಲದಾಗ ನರ ಎಷ್ಟು ಕೆರಳಿದರೂ ಚೀಲ ಬಾಯ್ತೆರೆಯಲಿಲ್ಲ. ಕೆರಳಿಸುವುದಕ್ಕೆ ಸ್ವಲ್ಪವೇ ಮುಂಚೆ ಕ್ಯಾಲ್ಸಿಯಂ ಬಿಟ್ಟರೆ ತೆರೆಯಿತು. ಕೆರಳಿಸಿದ ಮರುಕ್ಷಣ ಬಿಟ್ಟರೆ ಪ್ರಯೋಜನವಾಗಲಿಲ್ಲ. ಅಂದರೆ ವಿದ್ಯುತ್ತಿನ ಅಲೆ ಬಂದು ಮುಟ್ಟುವ ಗಳಿಗೆಯಲ್ಲಿ ಕ್ಯಾಲ್ಸಿಯಂ ಬಾಗಿಲಲ್ಲಿ ಸಿದ್ಧವಾಗಿ ನಿಂತಿರಬೇಕು.

ಕೆರೆ, ಏರಿ, ತೂಬು

ಇದನ್ನು ಕೆರೆಗೆ ಹೋಲಿಸಿದರೆ ಸುಲಭವಾಗಿ ತಿಳಿಯುತ್ತದೆ. ನರಕೋಶದ ಹೊರಗಿನ ದ್ರವದಲ್ಲಿ ಇರುವ ಮುಕ್ತ ಕ್ಯಾಲ್ಸಿಯಂ ಒಳಗಿರುವುದಕ್ಕಿಂತ ಸುಮಾರು 10,000 ಪಟ್ಟು ಹೆಚ್ಚು. ಕೋಶದ ಪೊರೆಯೇ ಕೆರೆಯ ಏರಿ. ಹೊರಗೆ ತುಂಬಿದ ಕೆರೆ, ಒಳಗೆ ಒಣಗಿದ ಗದ್ದೆ. ಈ ಏರಿಯಲ್ಲಿ ಅಲ್ಲಲ್ಲಿ ಪ್ರೋಟೀನಿನಿಂದಾದ ತೂಬುಗಳಿವೆ. ವಿಜ್ಞಾನಿಗಳು ಇವನ್ನು ಕ್ಯಾಲ್ಸಿಯಂ ಚಾನೆಲ್ ಎನ್ನುತ್ತಾರೆ. ವಿದ್ಯುತ್ತಿನ ಅಲೆ ಬಂದು ತಾಕಿದರೆ ತೂಬು ತೆರೆಯುತ್ತದೆ, ಅಲೆ ಇಳಿದರೆ ಮುಚ್ಚುತ್ತದೆ. ತೆರೆದಿರುವುದು ಒಂದು ಸೆಕೆಂಡಿನ ಸಾವಿರದಲ್ಲೊಂದು ಭಾಗದ ಆಸುಪಾಸು ಮಾತ್ರ. ಅಷ್ಟರಲ್ಲಿ ಕ್ಯಾಲ್ಸಿಯಂ ಧುಮುಕಿ ಒಳಬಂದು, ತೂಬಿನ ಪಕ್ಕದಲ್ಲೇ ಕಾದು ನಿಂತಿರುವ ಚೀಲಗಳಿಗೆ ತಾಗುತ್ತದೆ. ಚೀಲದ ಮೈಮೇಲೆ ಕ್ಯಾಲ್ಸಿಯಮ್ಮನ್ನು ಗುರುತಿಸುವ ಸಿನಾಪ್ಟೋಟ್ಯಾಗ್ಮಿನ್ ಎಂಬ ಪ್ರೋಟೀನು ಇದೆ. ಅದರ ಕೆಲಸವನ್ನು ಬಿಡಿಸಿ ತೋರಿಸಿದ ಥಾಮಸ್ ಸುಡಾಫ್ ಅವರಿಗೆ 2013ರಲ್ಲಿ ಇಬ್ಬರು ಇತರ ವಿಜ್ಞಾನಿಗಳೊಡನೆ ನೊಬೆಲ್ ಪಾರಿತೋಷಕ ಸಿಕ್ಕಿತು.

ಇಲ್ಲಿ ಒಂದು ಲೆಕ್ಕವನ್ನು ಬೆಳೆಗಾರರು ವಿಶೇಷವಾಗಿ ಗಮನಿಸಬೇಕು. ತೂಬಿನಲ್ಲಿ ಬರುವ ನೀರು ಅರ್ಧಕ್ಕಿಳಿದರೆ ತೊಯ್ಯುವ ಗದ್ದೆಯೂ ಅರ್ಧವಾಗುತ್ತದೆ ಎಂದು ನಾವು ಎಣಿಸುತ್ತೇವೆ. ನರದ ತುದಿಯ ಲೆಕ್ಕ ಹಾಗಲ್ಲ. ಚೀಲ ಬಾಯ್ತೆರೆಯಲು ಹಲವು ಕ್ಯಾಲ್ಸಿಯಂ ಕಣಗಳು ಒಟ್ಟಿಗೇ ಕೂಡಬೇಕು. ಡಾಜ್ ಮತ್ತು ರಹಾಮಿಮಾಫ್ ಎಂಬವರು 1967ರಲ್ಲಿ ಕಪ್ಪೆಯಲ್ಲಿ ಅಳೆದು ತೋರಿಸಿದಂತೆ, ಕ್ಯಾಲ್ಸಿಯಂ ಕಡಿಮೆಯಿರುವ ಸ್ಥಿತಿಯಲ್ಲಿ ಅದನ್ನು ಅರ್ಧ ಮಾಡಿದರೆ ನರವಾಹಕದ ಬಿಡುಗಡೆ ಅರ್ಧವಾಗುವ ಬದಲು ಸುಮಾರು ಹದಿನಾರರಲ್ಲೊಂದು ಪಾಲಿಗೆ ಕುಸಿಯುತ್ತದೆ. ಆದುದರಿಂದ ಈ ತೂಬಿಗೆ ಕೈಹಾಕುವ ವಿಷವು ಎಲ್ಲ ತೂಬುಗಳನ್ನೂ ಮುಚ್ಚಬೇಕಾಗಿಲ್ಲ. ಒಂದಷ್ಟು ಮುಚ್ಚಿದರೆ ಸಾಕು, ಸಂದೇಶ ನಿಲ್ಲುತ್ತದೆ. ನರ ಸತ್ತಿಲ್ಲ, ಸ್ನಾಯು ಸತ್ತಿಲ್ಲ. ನಡುವಣ ಮಾತು ಮಾತ್ರ ನಿಂತಿದೆ.

ತೋಟಕ್ಕೆ ಹಾಕುವ ಮೆಗ್ನೀಷಿಯಂ ಸಲ್ಫೇಟಿನ ಉದಾಹರಣೆಯನ್ನೇ ನೋಡಿ. ಗರ್ಭಿಣಿಯರಿಗೆ ರಕ್ತದೊತ್ತಡ ಏರಿ ಅಪಸ್ಮಾರ ಬರುವ ಅಪಾಯವಿದ್ದಾಗ ವೈದ್ಯರು ಇದೇ ಲವಣವನ್ನು ಶುದ್ಧರೂಪದಲ್ಲಿ ಅಳೆದು ಕೊಡುತ್ತಾರೆ. ಮೆಗ್ನೀಷಿಯಂ ತೂಬಿನ ಬಾಯಲ್ಲಿ ಕ್ಯಾಲ್ಸಿಯಮ್ಮಿಗೆ ಪೈಪೋಟಿ ಕೊಡುತ್ತದೆ. ಪ್ರಮಾಣ ಮೀರಿದರೆ ಮೊಣಕಾಲಿನ ಪ್ರತಿಕ್ರಿಯೆ ಮಾಯವಾಗುತ್ತದೆ, ಇನ್ನೂ ಮೀರಿದರೆ ಉಸಿರಾಟ ಸೋಲುತ್ತದೆ. ಅದಕ್ಕೇ ದಾದಿಯರು ಆಗಾಗ ಮೊಣಕಾಲಿಗೆ ತಟ್ಟಿ ನೋಡುವುದು. ಆಗ ಕೊಡುವ ಪ್ರತ್ಯೌಷಧ ಯಾವುದು? ಕ್ಯಾಲ್ಸಿಯಂ ಗ್ಲುಕೊನೇಟ್.

ಮೀನು ಹಿಡಿಯುವ ಶಂಖದ ಹುಳು

ಶಂಖದ ಹುಳು ಎಂದರೆ ನಮಗೆ ಮಳೆಗಾಲದಲ್ಲಿ ಕಾಫಿ, ಅಡಿಕೆ ಸಸಿಗಳನ್ನು ಮೇಯುವ ಆಫ್ರಿಕದ ದೈತ್ಯ ಬಸವನಹುಳುವಿನ ನೆನಪಾಗುತ್ತದೆ. ಅದರ ದೂರದ ಬಂಧುಗಳು ಬೆಚ್ಚನೆಯ ಕಡಲುಗಳಲ್ಲಿವೆ. ಚಿಪ್ಪು ಶಂಕುವಿನ ಆಕಾರದ್ದು, ಮೇಲೆ ಚೆಂದದ ಚಿತ್ತಾರ. ಇವುಗಳ ಕುಲಕ್ಕೆ ಕೋನಸ್ ಎಂದು ಹೆಸರು. ಇವುಗಳಲ್ಲಿ ಕೆಲವು ಮೀನನ್ನೇ ಬೇಟೆಯಾಡುತ್ತವೆ. ಅಂಗುಲ ಅಂಗುಲ ತೆವಳುವ ಬಸವನಹುಳು ಈಜುವ ಮೀನನ್ನು ಹಿಡಿಯುವುದಾದರೂ ಹೇಗೆ? ಅದರ ಹಲ್ಲು ಟೊಳ್ಳಾದ ಈಟಿ. ಅದನ್ನು ಮೀನಿನ ಮೈಗೆ ಚುಚ್ಚಿ ವಿಷ ಬಿಟ್ಟರೆ ಮೀನು ಕ್ಷಣಮಾತ್ರದಲ್ಲಿ ಮರಗಟ್ಟುತ್ತದೆ. ನಿಧಾನ ನಡೆಯುವವನಿಗೆ ವೇಗದ ವಿಷವೇ ಬಂಡವಾಳ. ಕೋನಸ್ ಜಿಯೋಗ್ರಾಫಸ್ ಎಂಬ ಜಾತಿಯ ಚಿಪ್ಪಿನ ಅಂದಕ್ಕೆ ಮರುಳಾಗಿ ಕೈಯಲ್ಲಿ ಹಿಡಿದ ಮನುಷ್ಯರೂ ಸತ್ತ ದಾಖಲೆಗಳಿವೆ.

ಫಿಲಿಪ್ಪೀನ್ಸ್‌ನಲ್ಲಿ ಹುಟ್ಟಿದ ಬಾಲ್ಡೊಮೆರೊ ಒಲಿವೆರಾ ಅವರು ತಮ್ಮ ನಾಡಿನ ಕಡಲ ಈ ಹುಳುಗಳ ವಿಷವನ್ನು ಲೂರ್ಡೆಸ್ ಕ್ರೂಸ್ ಮುಂತಾದವರೊಡನೆ ಅಭ್ಯಾಸಕ್ಕೆತ್ತಿಕೊಂಡರು. ಮುಂದೆ ಅಮೆರಿಕದ ಯೂಟಾ ವಿಶ್ವವಿದ್ಯಾಲಯದಲ್ಲಿ ಕೆಲಸ ಬೆಳೆಯಿತು. ಒಂದೇ ಹುಳುವಿನ ವಿಷದಲ್ಲಿ ನೂರಕ್ಕೂ ಹೆಚ್ಚು ಬಗೆಯ ಪುಟ್ಟ ಪ್ರೋಟೀನುಗಳಿರುವುದು ಗೊತ್ತಾಯಿತು. ಒಂದೊಂದಕ್ಕೂ ಒಂದೊಂದು ಗುರಿ. ಕೆಲವು ಸ್ನಾಯುವಿನ ಕಡೆಯ ಗ್ರಾಹಕವನ್ನು ಮುಚ್ಚುತ್ತವೆ, ಕೆಲವು ಸೋಡಿಯಂ ದಾರಿಯನ್ನು ಹಿಡಿಯುತ್ತವೆ. ಅವುಗಳಲ್ಲಿ ಒಂದು ಗುಂಪನ್ನು ಇಲಿಗಳ ಮಿದುಳಿಗೆ ಚುಚ್ಚಿದಾಗ ಇಲಿಗಳು ನಡುಗಲಾರಂಭಿಸಿದವು. ಈ ಗುಂಪಿಗೆ ಒಮೆಗಾ ಕೋನೋಟಾಕ್ಸಿನ್ ಎಂದು ಹೆಸರಿಟ್ಟರು. 1984ರಲ್ಲಿ ಕೆರ್ ಮತ್ತು ಯೋಷಿಕಾಮಿ ಇದನ್ನು ಕಪ್ಪೆಯ ನರ-ಸ್ನಾಯು ಸಂಧಿಯ ಮೇಲೆ ಪರೀಕ್ಷಿಸಿ, ಸ್ನಾಯು ಸರಿಯಾಗಿದೆ, ನರದ ಕಡೆಯಿಂದ ನರವಾಹಕದ ಬಿಡುಗಡೆಯೇ ನಿಂತಿದೆ ಎಂದು ತೋರಿಸಿದರು.

ಕೋನಸ್ ಜಿಯೋಗ್ರಾಫಸ್‌ನ ಈ ವಿಷ ಕೇವಲ 27 ಅಮೈನೋ ಆಮ್ಲಗಳ ಸರ. ಗಂಧಕದ ಮೂರು ಕೊಂಡಿಗಳು ಅದನ್ನು ಬಿಗಿಯಾದ ಗಂಟಾಗಿ ಕಟ್ಟಿವೆ. ಈ ಗಂಟು ತೂಬಿನ ಹೊರಬಾಯಿಗೆ ಬಂದು ಬಿರಡೆಯಂತೆ ಕೂರುತ್ತದೆ. ವಿದ್ಯುತ್ತಿನ ಅಲೆ ಎಂದಿನಂತೆ ಬರುತ್ತದೆ. ಒಳಗೆ ಚೀಲಗಳು ತುಂಬಿಕೊಂಡೇ ನಿಂತಿವೆ. ಕೆರೆಯೂ ತುಂಬಿದೆ. ಆದರೆ ನೀರು ಇಳಿಯುವುದಿಲ್ಲ.

ನಮ್ಮ ದೇಶದ ಕರಾವಳಿಯಲ್ಲೂ ಈ ಕುಲದ ಹುಳುಗಳಿವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪಿ. ಬಲರಾಮ್ ಮತ್ತು ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಕೆ.ಎಸ್. ಕೃಷ್ಣನ್ ಅವರ ತಂಡಗಳು ಭಾರತದ ಕೋನಸ್ ಹುಳುಗಳ ವಿಷಗಳನ್ನು ಬಿಡಿಸಿ ನೋಡಿವೆ ಎಂಬುದು ಕನ್ನಡಿಗರು ಅರಿತಿರಬೇಕಾದ ಸಂಗತಿ.

ತೂಬು ಒಂದೇ ಬಗೆಯದಲ್ಲ

ಎಲ್ಲ ಕ್ಯಾಲ್ಸಿಯಂ ತೂಬುಗಳೂ ಒಂದೇ ಅಚ್ಚಿನವಾಗಿದ್ದರೆ ಈ ವಿಷಗಳಿಂದ ವಿಜ್ಞಾನಕ್ಕೆ ಹೆಚ್ಚಿನ ಲಾಭವಾಗುತ್ತಿರಲಿಲ್ಲ. 1985ರ ಹೊತ್ತಿಗೆ ರಿಚರ್ಡ್ ತ್ಸಿಯೆನ್ ಮತ್ತು ಸಂಗಡಿಗರು ನರಕೋಶದಲ್ಲಿ ಟಿ, ಎಲ್, ಎನ್ ಎಂಬ ಮೂರು ಬಗೆಯ ತೂಬುಗಳನ್ನು ಗುರುತಿಸಿದ್ದರು. ಮುಂದೆ ಪಿ ಮತ್ತು ಕ್ಯೂ ಬಗೆಗಳೂ ಸೇರಿದವು. ಕಡಲ ಹುಳುವಿನ ವಿಷ ಎನ್ ಬಗೆಯ ಬೀಗಕ್ಕೆ ಹೊಂದುವ ಕೀಲಿ. ಅಮೆರಿಕದ ಒಣಪ್ರದೇಶದಲ್ಲಿ ಆಲಿಕೆಯಾಕಾರದ ಬಲೆ ನೇಯುವ ಅಗೆಲೆನಾಪ್ಸಿಸ್ ಅಪೆರ್ಟಾ ಎಂಬ ಜೇಡದಲ್ಲಿ 1990ರ ದಶಕದ ಆದಿಯಲ್ಲಿ ಸಿಕ್ಕಿದ ಒಮೆಗಾ ಅಗಟಾಕ್ಸಿನ್ ಪಿ ಬಗೆಗೆ ಹೊಂದುವ ಕೀಲಿ. ಆಫ್ರಿಕದ ಕಪ್ಪು ಮಾಂಬಾ ಹಾವಿನ ವಿಷದಲ್ಲಿ ಎಲ್ ಬಗೆಯನ್ನು ಮುಚ್ಚುವ ಅಂಶವೂ ದೊರೆಯಿತು.

ಕಪ್ಪೆಯ ಸ್ನಾಯುವಿಗೆ ಹೋಗುವ ನರದ ತುದಿಯಲ್ಲಿ ಇರುವುದು ಎನ್ ಬಗೆಯ ತೂಬು. ಇಲಿ, ಮನುಷ್ಯ ಮೊದಲಾದ ಸಸ್ತನಿಗಳಲ್ಲಿ ಅದೇ ಜಾಗದಲ್ಲಿರುವುದು ಪಿ ಮತ್ತು ಕ್ಯೂ ಬಗೆ. ಹಾಗಾಗಿ ಕಡಲ ಹುಳುವಿನ ಒಮೆಗಾ ವಿಷ ಕಪ್ಪೆಯ ಸ್ನಾಯುವನ್ನು ನಿಲ್ಲಿಸುತ್ತದೆ, ನಮ್ಮ ಸ್ನಾಯುವಿನ ತಂಟೆಗೆ ಬರುವುದಿಲ್ಲ. ಆ ಹುಳು ಕುಟುಕಿ ಮನುಷ್ಯ ಸಾಯುವುದು ಅದರ ವಿಷದಲ್ಲಿರುವ ಬೇರೆ ಅಂಶಗಳಿಂದ.

ಮನುಷ್ಯನ ಪಿ-ಕ್ಯೂ ತೂಬು ಕೆಟ್ಟರೆ ಏನಾಗುತ್ತದೆ ಎಂಬುದಕ್ಕೆ ಒಂದು ಕಾಯಿಲೆಯೇ ಸಾಕ್ಷಿ. 1956ರಲ್ಲಿ ಲ್ಯಾಂಬರ್ಟ್, ಈಟನ್ ಮುಂತಾದವರು ಅಮೆರಿಕದ ಮೇಯೋ ಕ್ಲಿನಿಕ್ಕಿನಿಂದ ವರದಿ ಮಾಡಿದ ಈ ಅಪರೂಪದ ರೋಗದಲ್ಲಿ ದೇಹದ ರಕ್ಷಣಾ ವ್ಯವಸ್ಥೆಯೇ ದಾರಿತಪ್ಪಿ ಈ ತೂಬುಗಳ ಮೇಲೆ ದಾಳಿ ಮಾಡುತ್ತದೆ. ತೊಡೆ, ತೋಳು ಸೋಲುತ್ತವೆ. ಸುಮಾರು ಅರ್ಧದಷ್ಟು ರೋಗಿಗಳಲ್ಲಿ ಇದರ ಹಿಂದೆ ಶ್ವಾಸಕೋಶದ ಒಂದು ಬಗೆಯ ಕ್ಯಾನ್ಸರ್ ಅಡಗಿರುತ್ತದೆ. ವಿಚಿತ್ರವೆಂದರೆ ಒಂದೆರಡು ಸಲ ಬಲವಾಗಿ ಮುಷ್ಟಿ ಬಿಗಿಹಿಡಿದರೆ ಸ್ವಲ್ಪ ಹೊತ್ತು ಶಕ್ತಿ ಮರಳುತ್ತದೆ. ಅಪ್ಪಣೆಗಳು ಒಂದರ ಹಿಂದೊಂದು ಬಂದಾಗ ಅಳಿದುಳಿದ ತೂಬುಗಳಿಂದ ಬಂದ ಕ್ಯಾಲ್ಸಿಯಂ ಕೂಡುತ್ತಾ ಹೋಗುವುದೇ ಇದಕ್ಕೆ ಕಾರಣ.

ವಿಷವೇ ಮದ್ದಾದದ್ದು

ಎನ್ ಬಗೆಯ ತೂಬು ನಮ್ಮ ಸ್ನಾಯುವಿನ ಬಳಿ ಇಲ್ಲ ಸರಿ, ಮತ್ತೆಲ್ಲಿದೆ? ಬೆನ್ನುಹುರಿಯಲ್ಲಿ ನೋವಿನ ಸುದ್ದಿ ತರುವ ನರಗಳ ತುದಿಯಲ್ಲಿ ಧಾರಾಳವಾಗಿದೆ. ಆ ತೂಬನ್ನು ಮುಚ್ಚಿದರೆ ನೋವಿನ ಸುದ್ದಿ ಬೆನ್ನುಹುರಿಯಲ್ಲೇ ನಿಲ್ಲಬೇಕಲ್ಲವೇ?

ಒಲಿವೆರಾ ಅವರ ಪ್ರಯೋಗಾಲಯದಲ್ಲಿ ಆಗಷ್ಟೇ ಪ್ರೌಢಶಾಲೆ ಮುಗಿಸಿ ಸೇರಿದ್ದ ಮೈಕೆಲ್ ಮೆಕಿಂಟಾಷ್ ಎಂಬ ಹುಡುಗ ಕೋನಸ್ ಮಾಗಸ್ ಎಂಬ ಹುಳುವಿನಿಂದ 25 ಅಮೈನೋ ಆಮ್ಲಗಳ ಇಂಥದೇ ವಿಷವನ್ನು ಬೇರ್ಪಡಿಸಿದ. ಅದನ್ನು ಹುಳುವಿನ ಹಂಗಿಲ್ಲದೆ ಕಾರ್ಖಾನೆಯಲ್ಲಿ ಯಥಾವತ್ತಾಗಿ ತಯಾರಿಸಿದ ಔಷಧವೇ ಜಿಕೊನೊಟೈಡ್. 2004ರ ಡಿಸೆಂಬರಿನಲ್ಲಿ ಅಮೆರಿಕ ಸರ್ಕಾರ ಇದಕ್ಕೆ ಪರವಾನಗಿ ನೀಡಿತು. ಬೇರೆ ಯಾವ ಮದ್ದಿಗೂ ಬಗ್ಗದ ಕ್ಯಾನ್ಸರ್ ಮುಂತಾದ ಘೋರ ನೋವಿಗೆ ಇದನ್ನು ಪುಟ್ಟ ಪಂಪಿನ ಮೂಲಕ ಬೆನ್ನುಹುರಿಯ ಸುತ್ತಲ ದ್ರವಕ್ಕೇ ಹನಿಸುತ್ತಾರೆ. ಮಾರ್ಫಿನ್ನಿನಂತೆ ಇದು ಚಟ ಹಿಡಿಸುವುದಿಲ್ಲ, ದಿನದಿಂದ ದಿನಕ್ಕೆ ಪ್ರಮಾಣ ಏರಿಸುತ್ತಲೇ ಹೋಗಬೇಕಾದ ಗತಿಯನ್ನೂ ತರುವುದಿಲ್ಲ. ಆದರೆ ತಲೆಸುತ್ತು, ಗೊಂದಲ, ಇಲ್ಲದ್ದು ಕಾಣುವುದು ಮುಂತಾದ ತೊಂದರೆಗಳುಂಟು. ಎನ್ ತೂಬು ಮಿದುಳಿನಲ್ಲೂ ಇದೆಯಲ್ಲ!

ಸಕ್ಕರೆ ಕಾಯಿಲೆಯವರ ಕಾಲುರಿಗೆ, ಸರ್ಪಸುತ್ತಿನ ನಂತರ ಉಳಿಯುವ ನೋವಿಗೆ ನಮ್ಮೂರಿನ ವೈದ್ಯರೂ ಬರೆದುಕೊಡುವ ಗ್ಯಾಬಪೆಂಟಿನ್, ಪ್ರಿಗ್ಯಾಬಲಿನ್ ಗುಳಿಗೆಗಳೂ ಈ ತೂಬಿನ ಒಂದು ಉಪಾಂಗಕ್ಕೆ ಅಂಟಿಕೊಂಡು ನರವಾಹಕದ ಬಿಡುಗಡೆಯನ್ನು ತಗ್ಗಿಸುತ್ತವೆ. ಇವನ್ನು ವೈದ್ಯರನ್ನು ಕೇಳದೆ ಒಮ್ಮೆಲೇ ನಿಲ್ಲಿಸಬಾರದು.

ಮಾತ್ರೆ ನುಂಗುವವರು ಹಾಲು ಬಿಡಬೇಕೇ?

ನಮ್ಮ ಸಂಘದ ಹಿರಿಯ ಸದಸ್ಯರೊಬ್ಬರು ಗೊಬ್ಬರದ ರಸೀದಿ ಬರೆಸುವಾಗ ಹೀಗೆ ಕೇಳಿದ್ದರು: "ನನ್ನ ಬಿ.ಪಿ. ಮಾತ್ರೆ ಕ್ಯಾಲ್ಸಿಯಂ ತಡೆಯೋದಂತೆ ಮಾರಾಯ್ರೆ. ಹಾಗಾದ್ರೆ ಹಾಲು, ಮಜ್ಜಿಗೆ, ಎಲೆಗೆ ಸುಣ್ಣ ಎಲ್ಲ ಬಿಡಬೇಕಾ?" ಪ್ರಶ್ನೆ ಸಣ್ಣದಲ್ಲ. ಅಮ್ಲೋಡಿಪಿನ್, ನಿಫೆಡಿಪಿನ್ ಮುಂತಾದ ಮಾತ್ರೆಗಳನ್ನು ಕ್ಯಾಲ್ಸಿಯಂ ಚಾನೆಲ್ ಬ್ಲಾಕರ್ ಎನ್ನುವುದು ನಿಜ. ಆದರೆ ಅವು ತಡೆಯುವುದು ತೂಬನ್ನು, ಕೆರೆಯ ನೀರನ್ನಲ್ಲ. ಅದರಲ್ಲೂ ಎಲ್ ಬಗೆಯ ತೂಬನ್ನು. ಈ ಬಗೆ ರಕ್ತನಾಳದ ಗೋಡೆಯ ಸ್ನಾಯುವಿನಲ್ಲಿ ಮುಖ್ಯವಾಗಿ ಕೆಲಸ ಮಾಡುತ್ತದೆ. ಅದು ಮುಚ್ಚಿದರೆ ನಾಳ ಸಡಿಲಗೊಂಡು ಒತ್ತಡ ಇಳಿಯುತ್ತದೆ. ಸ್ನಾಯುವಿಗೆ ಅಪ್ಪಣೆ ಕೊಡುವ ನರದ ತುದಿಯಲ್ಲಿರುವುದು ಬೇರೆ ಬಗೆಯಾದ್ದರಿಂದ ವೈದ್ಯರು ಹೇಳಿದ ಪ್ರಮಾಣದಲ್ಲಿ ಕೈಕಾಲು ಸೋಲುವುದಿಲ್ಲ. ರಕ್ತದಲ್ಲಿ ಕ್ಯಾಲ್ಸಿಯಂ ಎಷ್ಟಿರಬೇಕೆಂಬುದನ್ನು ದೇಹ ಎಲುಬಿನ ದಾಸ್ತಾನಿನಿಂದ ತಾನೇ ಹೊಂದಿಸಿಕೊಳ್ಳುತ್ತದೆ. ಈ ಮಾತ್ರೆಗಾಗಿ ಹಾಲು ಮಜ್ಜಿಗೆ ಬಿಡುವ ಕಾರಣವಿಲ್ಲ. ಹಾಲಿನ ಭಯದಿಂದ ಮಾತ್ರೆಯನ್ನು ಬಿಡುವುದಂತೂ ದೊಡ್ಡ ಅಪಾಯ.

ನಮ್ಮ ಎರಡು ಬೆಳೆಗಳು

ನಾವು ಬೆಳೆಯುವ ಕಾಫಿಯೂ ಅಡಿಕೆಯೂ ಕೆಲಸ ಮಾಡುವುದು ಇದೇ ನರಸಂಧಿಯಲ್ಲಿ. ಎಚ್ಚರವಿದ್ದಷ್ಟು ಹೊತ್ತು ಮಿದುಳಿನಲ್ಲಿ ಅಡೆನೋಸಿನ್ ಎಂಬ ವಸ್ತು ಕೂಡುತ್ತಾ ಹೋಗುತ್ತದೆ. ಅದು ನರದ ತುದಿಯಲ್ಲಿ ತನಗೆ ಮೀಸಲಾದ ಪೀಠದಲ್ಲಿ ಕುಳಿತು ಕ್ಯಾಲ್ಸಿಯಂ ತೂಬು ತೆರೆಯುವುದನ್ನು ತಗ್ಗಿಸುತ್ತದೆ. ನರವಾಹಕದ ಬಿಡುಗಡೆ ಕಡಿಮೆಯಾಗಿ ತೂಕಡಿಕೆ ಬರುತ್ತದೆ. ಕಾಫಿಯ ಕೆಫೀನ್ ಆ ಪೀಠದಲ್ಲಿ ತಾನೇ ಹೋಗಿ ಕೂರುತ್ತದೆ. ತೂಬಿನ ಮೇಲಿನ ಹಿಡಿತ ಸಡಿಲವಾಗುತ್ತದೆ, ತೂಕಡಿಕೆ ದೂರವಾಗುತ್ತದೆ. ಅಡಿಕೆಯ ಅರಿಕೋಲಿನ್ ಸಂಧಿಯ ಆಚೆ ದಡದ್ದು. ಅದು ಅಸಿಟೈಲ್‌ಕೋಲಿನ್ನಿನ ವೇಷ ಧರಿಸಿ ಅದರ ಕೆಲವು ಗ್ರಾಹಕಗಳನ್ನು ತಟ್ಟುತ್ತದೆ. ಹಸಿ ಅಡಿಕೆ ಸೊಕ್ಕಿದಾಗ ಮೈ ಬೆವರಿ, ಬಾಯಲ್ಲಿ ನೀರೂರಿ, ತಲೆ ತಿರುಗುವುದು ನಮಗೆಲ್ಲ ತಿಳಿದದ್ದೇ.

ತೋಟದಲ್ಲಿ ಎದುರಾಗುವುದು

ಕಡಲ ಹುಳುವಾಗಲಿ ಅಮೆರಿಕದ ಜೇಡವಾಗಲಿ ನಮ್ಮ ತೋಟಕ್ಕೆ ಬರುವುದಿಲ್ಲ. ಆದರೆ ನಾಗರಹಾವು, ಕಟ್ಟುಹಾವು, ಕೀಟನಾಶಕ ಈ ಮೂರೂ ನಮ್ಮಲ್ಲಿವೆ. ಮೂರೂ ಇದೇ ಸಂಧಿಗೆ ಹೊಡೆಯುತ್ತವೆ, ಆದರೆ ಬೇರೆ ಬೇರೆ ಕಡೆ. ಚಿಕಿತ್ಸೆ ಬೇರೆಯಾಗುವುದೂ ಅದರಿಂದಲೇ.

ನಾಗರಹಾವಿನ ನರವಿಷ ಸ್ನಾಯುವಿನ ಕಡೆಯ ಗ್ರಾಹಕವನ್ನು ಮುಚ್ಚುತ್ತದೆ. ನರದ ತುದಿ ಸರಿಯಾಗಿಯೇ ಇರುತ್ತದೆ. ಹಾಗಾಗಿ ಪ್ರತಿವಿಷದ ಜೊತೆಗೆ ನಿಯೋಸ್ಟಿಗ್ಮಿನ್ ಎಂಬ ಚುಚ್ಚುಮದ್ದು ಕೊಟ್ಟರೆ ಅಸಿಟೈಲ್‌ಕೋಲಿನ್ ಒಡೆದುಹೋಗದೆ ಹೆಚ್ಚು ಹೊತ್ತು ಉಳಿದು, ಬಿದ್ದ ರೆಪ್ಪೆ ಮೇಲೇಳುವುದುಂಟು.

ಕಟ್ಟುಹಾವಿನ ವಿಷದ ಮುಖ್ಯ ಏಟು ನರದ ತುದಿಗೇ. ಇದು ತೂಬಿಗೆ ಬಿರಡೆ ಹಾಕುವ ವಿಷವಲ್ಲ. ತೂಬಿನ ಒಳಗಿನ ಗೋದಾಮನ್ನೇ ಹಾಳುಗೆಡವುವ ವಿಷ. ಚೀಲಗಳು ಬರಿದಾಗುತ್ತವೆ, ನರದ ತುದಿ ನಾಶವಾಗುತ್ತದೆ. ಬಿಡುಗಡೆಯಾಗಲು ಏನೂ ಉಳಿಯದ ಮೇಲೆ ನಿಯೋಸ್ಟಿಗ್ಮಿನ್ ಉಳಿಸುವುದಾದರೂ ಏನನ್ನು? ಪ್ರತಿವಿಷವು ರಕ್ತದಲ್ಲಿ ಸುತ್ತುತ್ತಿರುವ ವಿಷವನ್ನು ಹಿಡಿಯುತ್ತದೆಯೇ ಹೊರತು ಮುರಿದ ನರದ ತುದಿಯನ್ನು ಕಟ್ಟಿಕೊಡುವುದಿಲ್ಲ. ಅದು ಮತ್ತೆ ಬೆಳೆಯಲು ದಿನಗಳು, ಕೆಲವೊಮ್ಮೆ ವಾರಗಳು ಬೇಕು. ಅಲ್ಲಿಯವರೆಗೆ ಉಸಿರಾಟದ ಯಂತ್ರ ರೋಗಿಯನ್ನು ಉಳಿಸಿಕೊಳ್ಳಬೇಕು. ಆದುದರಿಂದ ಕಟ್ಟುಹಾವಿನ ಕಡಿತದಲ್ಲಿ ಕಳೆದುಕೊಂಡ ಗಂಟೆಗೆ ಬೆಲೆ ಕಟ್ಟಲಾಗದು.

ಕ್ಲೋರ್‌ಪೈರಿಫಾಸ್, ಡೈಮಿಥೋಯೇಟ್ ಮುಂತಾದ ಆರ್ಗನೋಫಾಸ್ಫೇಟ್ ಗುಂಪಿನ ಕೀಟನಾಶಕಗಳದು ತದ್ವಿರುದ್ಧ ದಾರಿ. ನಿಯೋಸ್ಟಿಗ್ಮಿನ್ ಅಳತೆಯಲ್ಲಿ ಮಾಡುವ ಕೆಲಸವನ್ನು ಇವು ಅಳತೆ ಮೀರಿ ಮಾಡುತ್ತವೆ. ಅಸಿಟೈಲ್‌ಕೋಲಿನ್ ಒಡೆಯದೆ ಸಂಧಿಯಲ್ಲಿ ತುಂಬಿ ತುಳುಕುತ್ತದೆ. ಬೆವರು, ಜೊಲ್ಲು, ಕಣ್ಣೀರು, ವಾಂತಿ, ಸೂಜಿಮೊನೆಯಷ್ಟಾದ ಕಣ್ಣುಪಾಪೆ, ಸ್ನಾಯುಗಳ ಅದುರು ಇವು ಲಕ್ಷಣಗಳು. ಇಲ್ಲಿ ಜೀವ ಉಳಿಸುವುದು ಅಟ್ರೊಪಿನ್.

ಸದಸ್ಯರಲ್ಲಿ ವಿನಂತಿ

ಈ ವಿವರಣೆಯಿಂದ ನಾವು ಆಚರಣೆಗೆ ತರಬೇಕಾದವು ಕೆಲವಿವೆ.

ಒಂದು, ಕಟ್ಟುಹಾವು ಹೆಚ್ಚಾಗಿ ರಾತ್ರಿ, ನೆಲದ ಮೇಲೆ ಮಲಗಿದವರನ್ನು ಕಚ್ಚುತ್ತದೆ. ನೋವು, ಊತ ಇಲ್ಲದಿರಬಹುದು, ಗಾಯ ಕಾಣದೆಯೂ ಇರಬಹುದು. ರಾತ್ರಿ ಚೆನ್ನಾಗಿಯೇ ಮಲಗಿದ್ದವರು ಬೆಳಗಿನ ಜಾವ ಹೊಟ್ಟೆನೋವು, ವಾಂತಿ ಎಂದು ಎದ್ದು, ರೆಪ್ಪೆ ಬೀಳುತ್ತಿದ್ದರೆ, ನುಂಗಲು ಕಷ್ಟವಾಗುತ್ತಿದ್ದರೆ ಅಜೀರ್ಣವೆಂದು ಕಷಾಯ ಕೊಟ್ಟು ಕೂರಬೇಡಿ. ಕೂಡಲೇ ಆಸ್ಪತ್ರೆಗೆ ಸಾಗಿಸಿ. ಕೆಲಸದವರ ಲೈನ್ ಮನೆಗಳಲ್ಲಿ ಮಂಚ ಮತ್ತು ಅಂಚನ್ನು ಹಾಸಿಗೆಯಡಿ ಸಿಕ್ಕಿಸಿದ ಸೊಳ್ಳೆಪರದೆ ಇರುವಂತೆ ಮಾಡುವುದು ಮಾಲೀಕರ ಕರ್ತವ್ಯ.

ಎರಡು, ಹಾವು ಕಚ್ಚಿದ ಅಂಗವನ್ನು ದಬ್ಬೆ ಕಟ್ಟಿ ಅಲುಗದಂತೆ ಇಡಿ, ಉಂಗುರ ಬಳೆ ಕಳಚಿ. ಬಿಗಿಯಾಗಿ ಹಗ್ಗ ಬಿಗಿಯುವುದು, ಕೊಯ್ಯುವುದು, ಬಾಯಲ್ಲಿ ಹೀರುವುದು ಬೇಡ. 108ಕ್ಕೆ ಕರೆ ಮಾಡಿ. ನಮ್ಮ ದೇಶದ ಪ್ರತಿವಿಷ ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕಕ್ಕೂ ಒಂದೇ. ಆದ್ದರಿಂದ ಹಾವನ್ನು ಹುಡುಕಿ ಕೊಲ್ಲುವುದರಲ್ಲಿ ಹೊತ್ತು ಕಳೆಯಬೇಡಿ. ಪ್ರತಿವಿಷವೂ ಉಸಿರಾಟದ ಯಂತ್ರವೂ ಇರುವ ಹತ್ತಿರದ ಆಸ್ಪತ್ರೆ ಯಾವುದೆಂದು ಇವತ್ತೇ ವಿಚಾರಿಸಿ ಗೋಡೆಯ ಮೇಲೆ ಬರೆದಿಡಿ.

ಮೂರು, ಔಷಧಿ ಹೊಡೆಯುವಾಗ ಯಾರಿಗಾದರೂ ವಿಷಬಾಧೆಯಾದರೆ ಆ ಬಟ್ಟೆ ಕಳಚಿ, ಮೈಯನ್ನು ಸೋಪು ನೀರಿನಿಂದ ತೊಳೆದು, ಡಬ್ಬಿಯನ್ನೋ ಅದರ ಚೀಟಿಯನ್ನೋ ಜೊತೆಗೇ ಒಯ್ಯಿರಿ. ಯಾವ ಬಾಗಿಲು ಕೆಟ್ಟಿದೆ ಎಂದು ವೈದ್ಯರಿಗೆ ಮೊದಲು ಹೇಳುವುದು ಆ ಚೀಟಿ.

ನಾಲ್ಕು, ಕಟ್ಟುಹಾವಿನ ವಿಷವೇರಿದವರು ಕಣ್ಣುಬಿಡದೆ, ಬೆರಳು ಅಲುಗಿಸದೆ, ಕಣ್ಣುಪಾಪೆಯೂ ಕದಲದೆ ಯಂತ್ರದಲ್ಲಿ ಮಲಗಿರುವಾಗ ಬಂಧುಗಳು ಆಸೆ ಬಿಟ್ಟು ಮನೆಗೆ ಕರೆದೊಯ್ಯಲು ಹೊರಡುವುದುಂಟು. ಹಾಗೆ ಮಾಡಬೇಡಿ. ನಿಂತಿರುವುದು ನರ-ಸ್ನಾಯುಗಳ ನಡುವಿನ ಮಾತು. ಒಳಗಿರುವ ಮನುಷ್ಯ ಎಚ್ಚರವಾಗಿದ್ದು ನೀವು ಆಡುವುದನ್ನೆಲ್ಲ ಕೇಳಿಸಿಕೊಳ್ಳುತ್ತಿರಬಹುದು. ಅವನಿಗೆ ಬೇಕಾದದ್ದು ನರದ ತುದಿ ಮತ್ತೆ ಚಿಗುರುವಷ್ಟು ಕಾಲ, ಅಷ್ಟು ಕಾಲದ ಉಸಿರು, ಮತ್ತು ಪಕ್ಕದಲ್ಲಿ ಕುಳಿತು ಧೈರ್ಯ ಹೇಳುವ ಒಬ್ಬರು.